ಆರನೆಯ ಹೆಸರು

ಬಾಯಲ್ಲಿ ಮಾಂಸದ ತುಂಡು ಇರುವಾಗ ಮನುಷ್ಯ ತಲೆಯಾಡಿಸಬಾರದು. ಇಷ್ಟು ಸಣ್ಣ ವಿವೇಕ ಐವತ್ತೆಂಟು ತುಂಬಿದರೂ ಲೈಮನ್ ಪೆಲ್ಕಿಗೆ ಬಂದಿರಲಿಲ್ಲ. ಅದರಿಂದಾಗಿ ವರ್ಮಾಂಟಿನ ಹಾರ್ನ್‌ಬೀಮ್ ಎಂಬ ಊರಿನ ನೆಮ್ಮದಿ ಒಂದಿಡೀ ಬೇಸಿಗೆ, ಅದರ ಬೆನ್ನಿಗೆ ಒಂದಿಡೀ ಎಲೆಯುದುರುವ ಕಾಲ ಕದಡಿಹೋಯಿತು.

ಜುಲೈ ತಿಂಗಳ ಒಂದು ಭಾನುವಾರ ಅವನ ತಂಗಿ ರೋಸಲಿ ಹೊರರಾಜ್ಯದ ಹಾರ್ಟ್‌ಫರ್ಡಿನ ತನ್ನ ಮನೆಯಲ್ಲಿ ಊಟ ಇಟ್ಟುಕೊಂಡಿದ್ದಳು. ಮಗಳು ಕ್ಲಾರಿಸಳ ಮದುವೆ ಗೊತ್ತಾಗಿತ್ತು, ಬೀಗರು ಬಂದಿದ್ದರು. ಬೀಗರು ಸಾಮಾನ್ಯರಲ್ಲ. ಗಂಡಿನ ಅಪ್ಪ ಹಲ್ಲಿನ ವೈದ್ಯ, ಅಮ್ಮ ಗ್ರಂಥಾಲಯ ಮಂಡಳಿಯ ಅಧ್ಯಕ್ಷೆ, ಚಿಕ್ಕಪ್ಪನಿಗೆ ಸ್ವಂತ ಹಾಯಿದೋಣಿ. ರೋಸಲಿಯ ಕಡೆಯಿಂದ ತೋರಿಸಲು ಇದ್ದವನು ಅಣ್ಣ ಲೈಮನ್ ಒಬ್ಬನೇ. ಅವನೋ ಮರ ಕೊಯ್ಯುವ, ಹಿಮ ತಳ್ಳುವ ಯಂತ್ರಗಳ ರಿಪೇರಿಯವನು. ಎಷ್ಟು ತಿಕ್ಕಿದರೂ ಉಗುರಿನ ಸಂದಿಯಲ್ಲಿ ಗ್ರೀಸು.

"ನಮ್ಮಣ್ಣ ಊರಲ್ಲಿ ಅಧಿಕಾರದಲ್ಲಿದ್ದಾನೆ," ಎಂದಳು ರೋಸಲಿ, ಆ ಉಗುರುಗಳು ಮೇಜಿನ ಮೇಲೆ ಬರುವ ಮೊದಲೇ.

ಇದು ಸುಳ್ಳಲ್ಲ. ಲೈಮನ್ ಹಾರ್ನ್‌ಬೀಮಿನ ಮೂವರು ಬೇಲಿ ಪರೀಕ್ಷಕರಲ್ಲಿ ಒಬ್ಬ. ಇಬ್ಬರು ರೈತರು ನಡುವಿನ ಬೇಲಿಗಾಗಿ ಹೊಡೆದಾಡಿಕೊಂಡರೆ ಹೋಗಿ ನೋಡಿ ತೀರ್ಮಾನ ಹೇಳುವುದು ಅವನ ಕೆಲಸ. ಸಂಬಳವಿಲ್ಲ. ಪ್ರತಿ ವರ್ಷ ಊರ ಮಂಡಳಿ ಬೇರೆ ಯಾರೂ ಸಿಗದೆ ಅವನನ್ನೇ ನೇಮಿಸುತ್ತಿತ್ತು. ಅವನು ಕೊನೆಯ ಸಲ ಬೇಲಿ ನೋಡಿದ್ದು ಯಾವಾಗ ಎಂದು ಊರಿಗೂ ನೆನಪಿಲ್ಲ, ಬೇಲಿಗೂ ನೆನಪಿಲ್ಲ.

"ಅಧಿಕಾರ ಅಂದ್ರೆ ಯಾವ್ದು?" ಗಂಡಿನ ಅಮ್ಮ ಕೇಳಿದಳು.

ಆ ತಟ್ಟೆ, ಆ ಗಾಜು, ಆ ಹಾಯಿದೋಣಿಯ ಮಧ್ಯೆ 'ಬೇಲಿ' ಎಂಬ ಮಾತು ಲೈಮನ್ನನ ನಾಲಿಗೆಯಿಂದ ಇಳಿಯಲಿಲ್ಲ. "ಹೀಗೇ... ಜನ ಕಿತ್ತಾಡ್ಕೊಂಡ್ರೆ ತೀರ್ಮಾನ ಮಾಡೋದು," ಎಂದು ಹೊಗೆಯಲ್ಲಿ ಬೆಂದ ಹಂದಿಮಾಂಸದ ದೊಡ್ಡ ತುಂಡನ್ನು ಬಾಯಿಗೆ ತುರುಕಿಕೊಂಡ.

"ಅಂದ್ರೆ ಜಸ್ಟಿಸ್ ಆಫ್ ದಿ ಪೀಸ್! ನಿಮ್ಮ ಕಡೆ ಅವರು ಮದುವೇನೂ ಮಾಡಿಸ್ತಾರಂತಲ್ಲ!"

ಲೈಮನ್ ತಲೆಯಾಡಿಸಿದ. ಆಡಿಸಿದ್ದು ಮಾಂಸಕ್ಕೆ, ಅದು ಅಷ್ಟು ಹದವಾಗಿತ್ತು. ಆದರೆ ಮೇಜಿನ ಸುತ್ತ ಚಪ್ಪಾಳೆ ಬಿತ್ತು. ಕ್ಲಾರಿಸ್ ಓಡಿಬಂದು ಹಿಂದಿನಿಂದ ತಬ್ಬಿಕೊಂಡಳು. "ಮಾವ, ನಮ್ಮ ಮದುವೆ ನೀನೇ ಮಾಡಿಸ್ಬೇಕು. ನಿಮ್ಮೂರಲ್ಲೇ, ಅಜ್ಜಿ ಹುಲ್ಲುಗಾವಲಲ್ಲಿ. ನವೆಂಬರಲ್ಲಿ. ಆಯ್ತು, ಇನ್ನು ಮಾತಿಲ್ಲ!"

ಮೂವತ್ತು ವರ್ಷದಿಂದ ಅಣ್ಣನನ್ನು ಹೊರೆಯಂತೆ ಹೊತ್ತಿದ್ದ ರೋಸಲಿ ಅವತ್ತು ಮೊದಲ ಸಲ ಅವನ ಕಡೆ ಹೆಮ್ಮೆಯಿಂದ ನೋಡಿದಳು. ಆಮೇಲೆ ಮಾಂಸ ಗಂಟಲಿನಿಂದ ಸಲೀಸಾಗಿ ಕೆಳಗಿಳಿಯಿತು. ನಿಜ ಮಾತ್ರ ಮೇಲೆ ಬರಲಿಲ್ಲ.

ವಾಪಸು ಬರುವಾಗ ಕಾರಿನಲ್ಲಿ ಹೆಂಡತಿ ವರ್ನಾ ರಾಜ್ಯದ ಗಡಿ ದಾಟಿದ್ದೇ ಅವನ ಕಡೆ ತಿರುಗಿದಳು. ಆಮೇಲೆ ಕೇಳಿದಳು: "ಗಂಡು ಹೆಣ್ಣನ್ನ ಏನು ಹಾಕಿ ಕೂಡಿಸ್ತೀಯ ಲೈಮನ್? ಮುಳ್ಳುತಂತಿನಾ?"

"ನವೆಂಬರಿಗೆ ಇನ್ನೂ ಟೈಮಿದೆ."

"ಏನಕ್ಕೆ ಟೈಮು? ಸಾಯೋದಕ್ಕಾ?"

"ಚುನಾವಣೆಗೆ," ಎಂದ ಲೈಮನ್. ಅಷ್ಟರಲ್ಲಿ ಆ ಮಹಾ ಯೋಚನೆ ಅವನ ತಲೆಯೊಳಗೆ ಬಂದು, ಬೇರೆ ಯಾವ ಯೋಚನೆಯೂ ಇಲ್ಲದ ಕಾರಣ ಆರಾಮವಾಗಿ ಕಾಲು ಚಾಚಿಕೊಂಡು ಕೂತಿತ್ತು.

ಹಾರ್ನ್‌ಬೀಮಿನಲ್ಲಿ ಜಸ್ಟಿಸ್ ಆಫ್ ದಿ ಪೀಸ್ ಎಂಬ ನ್ಯಾಯಾಧಿಕಾರಿಗಳು ಐದು ಜನ. ಐದು ಎಂದಮೇಲೆ ಪಂಚರು ಅಂದರೆ ಸಾಕು. ಮದುವೆ ಮಾಡಿಸುವವರು ಅವರು. ಚುನಾವಣೆಯ ದಿನ ಮತ ಎಣಿಸುವವರು ಅವರು. ನನ್ನ ಜಮೀನಿಗೆ ಕಂದಾಯದವರು ಜಾಸ್ತಿ ಬೆಲೆ ಕಟ್ಟಿದ್ದಾರೆ ಎಂದು ಯಾರಾದರೂ ಗೋಳಾಡಿದರೆ ಕೂತು ಕೇಳುವವರೂ ಅವರೇ. ಎರಡು ವರ್ಷಕ್ಕೊಮ್ಮೆ ನವೆಂಬರಿನಲ್ಲಿ ಚುನಾವಣೆ. ಊರಿನಲ್ಲಿ ಪಕ್ಷ ಎರಡು. ಯಾರ ಕಾಲದಲ್ಲೋ ಆದ ಒಪ್ಪಂದದಂತೆ ಒಂದು ಪಕ್ಷ ಮೂರು ಹೆಸರು ಕೊಡುತ್ತದೆ, ಇನ್ನೊಂದು ಎರಡು. ಮುಂದಿನ ಸಲ ಅದಲುಬದಲು. ಐದು ಜಾಗಕ್ಕೆ ಐದು ಹೆಸರು. ಹೀಗಾಗಿ ಆ ಊರಲ್ಲಿ ಯಾವ ಪಂಚನೂ ಸೋತದ್ದಿಲ್ಲ. ಸರಿಯಾಗಿ ನೋಡಿದರೆ ಯಾವನೂ ಗೆದ್ದದ್ದೂ ಇಲ್ಲ.

ಲೈಮನ್ ಊರ ಕಚೇರಿಗೆ ಹೋಗಿ ತಾನೂ ನಿಲ್ಲುತ್ತೇನೆ ಎಂದಾಗ ಕಾರ್ಯದರ್ಶಿ ವಿನಿಫ್ರೆಡ್ ಕ್ವಿಂಬಿ ಕನ್ನಡಕ ತೆಗೆದಳು, ಒರೆಸಿದಳು, ಮತ್ತೆ ಹಾಕಿಕೊಂಡಳು. ಎದುರಿಗೆ ಇನ್ನೂ ಲೈಮನ್ನೇ ಇದ್ದ.

"ಆರನೇ ಹೆಸರಾ? ಹಾಗಂದ್ರೆ ಒಬ್ರು ಸೋಲ್ತಾರಲ್ಲ ಲೈಮನ್!"

"ಚುನಾವಣೆ ಅಂದ್ಮೇಲೆ..."

"ಚುನಾವಣೆ ಸರಿ. ಸೋಲೋದು ಯಾಕೆ?" ಅವಳು ದನಿ ತಗ್ಗಿಸಿದಳು. "ಇದ್ದಕ್ಕಿದ್ದಂಗೆ ಏನಾಯ್ತು ನಿಂಗೆ? ಯಾಕೆ ನಿಲ್ತಿದ್ದೀಯ?"

ನಿಜ ಹೇಳಿದರೆ ವಿನಿಫ್ರೆಡಳಿಂದ ಅಂಚೆ ಕಚೇರಿಗೆ, ಅಂಚೆ ಕಚೇರಿಯಿಂದ ರೋಸಲಿಯ ಹಳೆಯ ಗೆಳತಿಯರಿಗೆ, ಅಲ್ಲಿಂದ ಹಾರ್ಟ್‌ಫರ್ಡಿಗೆ ಒಂದೇ ದಾರಿ. ಲೈಮನ್ ಗಡ್ಡ ಕೆರೆದುಕೊಂಡ. "ಅದು... ಸ್ವಂತ ವಿಷಯ."

ವಿನಿಫ್ರೆಡ್ ಬಾಯಿ ಮುಚ್ಚಿಕೊಂಡಳು. ಅವನು ಬಾಗಿಲು ದಾಟುವವರೆಗೆ ಮಾತ್ರ.

ನಿಲ್ಲಬೇಕಾದರೆ ಒಂದಷ್ಟು ಮತದಾರರ ಸಹಿ ಬೇಕು. ಹಾರ್ನ್‌ಬೀಮಿನಲ್ಲಿ ಎಲ್ಲರೂ ಒಟ್ಟಿಗೆ ಸಿಗುವ ಜಾಗ ಚರ್ಚಲ್ಲ, ಶನಿವಾರ ಬೆಳಗಿನ ಕಸದ ಅಂಗಳ. ಅಲ್ಲಿ ಎಲ್ಲರೂ ತಂತಮ್ಮ ಮನೆಯ ಕಸ ತಂದು, ಬಾಟಲಿ ಬೇರೆ ಡಬ್ಬ ಬೇರೆ ಮಾಡಿ ಹಾಕುತ್ತಾ ಊರ ಉಳಿದ ಕಸವನ್ನೂ ವಿಲೇವಾರಿ ಮಾಡುತ್ತಾರೆ. ಲೈಮನ್ ಬಾಟಲಿಯ ತೊಟ್ಟಿಯ ಪಕ್ಕ ಪೆನ್ನು ಹಿಡಿದು, ಕೇಳುವುದು ಹೇಗೆಂದು ತಿಳಿಯದೆ ನಿಂತ. ಕೇಳಬೇಕಾಗಲೇ ಇಲ್ಲ. ಕೆರೆಯ ದಂಡೆಯ ವಿಧವೆ ಬರ್ನೀಸ್ ಟಟಲ್ ಬಂದವಳೇ ಪೆನ್ನು ಕಿತ್ತುಕೊಂಡು ಸಹಿ ಗೀಚಿದಳು.

"ನೀನ್ಯಾಕೆ ನಿಂತಿದ್ದೀಯ ಅಂತ ನಂಗೊತ್ತು," ಎಂದಳು.

ಲೈಮನ್ನನ ಮುಖ ಬಿಳುಚಿತು. "ಗೊತ್ತಾ?"

"ಇಡೀ ಊರಿಗೇ ಗೊತ್ತು. ಹೇಳ್ಬೇಡ. ಬಾಯೇ ಬಿಡ್ಬೇಡ." ಅವಳು ಕಣ್ಣು ಹೊಡೆದಳು. "ನನ್ನ ಕೆರೆಗೆ ಅವ್ರು ಎಷ್ಟು ಬೆಲೆ ಕಟ್ಟಿದ್ದಾರೆ ಗೊತ್ತಾ? ಅದ್ರಲ್ಲಿರೋದು ಕಪ್ಪೆ ಲೈಮನ್, ಕಪ್ಪೆ! ಮುತ್ತಲ್ಲ!"

ಆಗ ಅವನಿಗೆ ಅರ್ಥವಾಯಿತು. ಆ ವರ್ಷ ಊರಿನ ಎಲ್ಲ ಜಮೀನಿಗೂ ಹೊಸದಾಗಿ ಬೆಲೆ ಕಟ್ಟಿದ್ದರು. ಎಲ್ಲರ ಹೊಟ್ಟೆಯಲ್ಲೂ ಬೆಂಕಿ. ಇಂಥ ಹೊತ್ತಿನಲ್ಲಿ ಒಬ್ಬ ಬಡ ರಿಪೇರಿಯವನು ಪಂಚರ ಎದುರು ಸೆಟೆದು ನಿಂತು 'ಸ್ವಂತ ವಿಷಯ' ಎಂದರೆ ಅದಕ್ಕೆ ಎಷ್ಟು ಅರ್ಥ ಇರಲು ಸಾಧ್ಯ? ಊರು ಒಂದೇ ಅರ್ಥ ಆರಿಸಿಕೊಂಡಿತು: ಲೈಮನ್ ಪೆಲ್ಕಿ ಕಂದಾಯ ಇಳಿಸಲು ಹುಟ್ಟಿಬಂದವನು.

"ನೋಡ್ರಪ್ಪಾ, ನಾನು ಯಾರಿಗೂ ಏನೂ ಮಾತು ಕೊಟ್ಟಿಲ್ಲ!" ಲೈಮನ್ ಗಾಬರಿಯಿಂದ ಕೂಗಿದ.

"ಕೇಳಿದ್ರಾ? ಏನೂ ಮಾತು ಕೊಡ್ದೇ ಇರೋ ಮೊದಲ್ನೇ ಅಭ್ಯರ್ಥಿ!" ರಟ್ಟಿನ ತೊಟ್ಟಿಯ ಕಡೆಯಿಂದ ಯಾರೋ ಅರಚಿದರು. "ಇಂಥೋನು ಬೇಕು ನಮಗೆ!"

ಚಪ್ಪಾಳೆ. ಒಬ್ಬ ಹಳೆಯ ಕುರ್ಚಿಯ ಮೇಲೆ ಹತ್ತಿ ಸೀಟಿ ಹೊಡೆದ. ಕುರ್ಚಿ ಎಸೆಯಲು ತಂದದ್ದಾಗಿತ್ತು, ಮುರಿಯಿತು. ಅದಕ್ಕೂ ಚಪ್ಪಾಳೆ ಬಿತ್ತು. ಸಹಿ ಹಾಕಲು ಸಾಲು ನಿಂತಿತು. ಲೈಮನ್ ಮೊದಲು ಬೆವರಿದ. ಆಮೇಲೆ ಸ್ವಲ್ಪ ನಕ್ಕ. ಮನೆಗೆ ಹೊರಡುವ ಹೊತ್ತಿಗೆ ಗಾಡಿಯ ಕಿಟಕಿಯಿಂದ ಕೈ ಹೊರಹಾಕಿ ಬೀಸುತ್ತಿದ್ದ. ಆ ಕೈ ಬೀಸುವ ರೀತಿ ಅವನಿಗೆ ಯಾರೂ ಕಲಿಸಿದ್ದಲ್ಲ. ಸಹಿ ನೂರು ದಾಟಿದರೆ ಅದು ತಾನಾಗಿ ಬರುತ್ತದೆ.

ಆಮೇಲೆ ಪಂಚರು ಒಬ್ಬೊಬ್ಬರಾಗಿ ಅವನ ಅಂಗಡಿಗೆ ಬರತೊಡಗಿದರು. ಪ್ರತಿಯೊಬ್ಬರ ಕೈಯಲ್ಲೂ ಚೆನ್ನಾಗಿರುವ ಒಂದು ಯಂತ್ರ, ರಿಪೇರಿಗೆಂದು.

"ಸದ್ದು ಬರ್ತಿದೆ ನೋಡು," ಎನ್ನುವರು.

"ಬರ್ತಿಲ್ವಲ್ಲ."

"ಬರುತ್ತೆ ಒಂದೊಂದ್ಸಲ." ಆಮೇಲೆ ಹಿಂದೆ ಮುಂದೆ ನೋಡಿ, "ಅಲ್ಲಪ್ಪಾ ಲೈಮನ್, ನನ್ನ ಜಾಗದ ಮೇಲೆ ಕಣ್ಣಿಲ್ಲ ತಾನೆ?"

"ಅಯ್ಯೋ, ನಿಮ್ಮ ಮೇಲೆ ನನಗೇನೂ ಇಲ್ಲ."

ಹೀಗೆ ಹೇಳಿದ ಮೇಲೆ ಬಂದವರು ನಿಟ್ಟುಸಿರು ಬಿಟ್ಟು, ಹಾಗಾದರೆ ಇವನ ಕಣ್ಣು ಬಿದ್ದಿರುವುದು ಇಂಥವರ ಮೇಲೆಯೇ ಎಂದು ಇನ್ನೊಬ್ಬ ಪಂಚನ ಹೆಸರು ಊರೆಲ್ಲಾ ಹಬ್ಬಿಸುವರು. ಸೆಪ್ಟೆಂಬರ್ ಮುಗಿಯುವಷ್ಟರಲ್ಲಿ ನಾಲ್ವರು ಪಂಚರು ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

ಬಾರದೇ ಇದ್ದವನು ಆಲ್ಡನ್ ಥ್ರಾಲ್ ಒಬ್ಬನೇ. ಎಪ್ಪತ್ತು ದಾಟಿದ ಮುದುಕ. ಊರಿನ ಅರ್ಧ ಸಂಸಾರಗಳಿಗೆ ಗಂಟು ಹಾಕಿದವನು ಅವನೇ, ಒಂದೇ ಚೌಕಳಿ ಟೈ ಕಟ್ಟಿಕೊಂಡು. ವರ್ನಾ ಮತ್ತು ಲೈಮನ್ನರ ಮದುವೆ ಮಾಡಿಸಿದವನೂ ಅವನೇ. ಅವನ ಕುಂಬಳದ ತೋಟಕ್ಕೂ ಹೈರಮ್ ಬೊಡೆಟ್‌ನ ಹುಲ್ಲುಗಾವಲಿಗೂ ನಡುವಿನ ಬೇಲಿ ಬಿದ್ದುಹೋಗಿ, ಹೈರಮ್ಮನ ಕರುಗಳು ಎರಡು ವರ್ಷದಿಂದ ಕುಂಬಳ ತಿಂದು ಕೊಬ್ಬುತ್ತಿದ್ದವು. ಬೇಲಿ ಕಟ್ಟುವುದು ಯಾರೆಂದು ಬಂದು ಹೇಳು ಎಂದು ಆಲ್ಡನ್ ಬೇಲಿ ಪರೀಕ್ಷಕನನ್ನು ಕೇಳುತ್ತಲೇ ಇದ್ದ. ಬೇಲಿ ಪರೀಕ್ಷಕನಿಗೆ ಈಗ ಅದಕ್ಕೆಲ್ಲ ಎಲ್ಲಿಯ ಪುರುಸೊತ್ತು?

ಚುನಾವಣೆಯ ದಿನ ಶಾಲೆಯ ಆಟದ ಕೊಠಡಿಯ ಮುಂದೆ ನಿಂತ ಸಾಲು ರಸ್ತೆಗೆ ಬಂದಿತ್ತು. ಅದೇ ಹೊತ್ತಿಗೆ ದೇಶಕ್ಕೆ ಬೇಕಾದ ದೊಡ್ಡ ದೊಡ್ಡ ಹುದ್ದೆಗಳಿಗೂ ಮತದಾನ ನಡೆಯುತ್ತಿತ್ತು. ಹಾರ್ನ್‌ಬೀಮಿನಲ್ಲಿ ಅದನ್ನು ಯಾರೂ ಗಮನಿಸಿದಂತೆ ಕಾಣಲಿಲ್ಲ. ಸೇಬಿನ ಪೈ ಮಾರುತ್ತಿದ್ದ ತಾಯಂದಿರ ಪೈ ಮಧ್ಯಾಹ್ನಕ್ಕೇ ಖಾಲಿ. ವಾಕರ್ ಹಿಡಿದವರು ಬಂದರು. ಬರ್ನೀಸ್ ಟಟಲ್ ಟೋಪಿಗೆ ಕಪ್ಪೆಯ ಗೊಂಬೆ ಅಂಟಿಸಿಕೊಂಡು ಬಂದಳು.

ಸಂಜೆ ಏಳಕ್ಕೆ ಬಾಗಿಲು ಹಾಕಿ ಎಣಿಕೆ ಶುರುವಾಯಿತು. ಎಣಿಸುವವರು ಪಂಚರೇ ಆದ್ದರಿಂದ ಅವರು ಅವರವರ ಹಣೆಬರಹವನ್ನು ಅವರೇ ಎಣಿಸಬೇಕು. ಚೀಟಿಯ ಮೇಲಿನ ಹೆಸರು ಓದುವ ಪಾಳಿ ಆಲ್ಡನ್ನನದು. ಮದುವೆಯಲ್ಲಿ ಪ್ರಮಾಣ ಹೇಳಿಸುವ ಅದೇ ತಣ್ಣನೆಯ ದನಿಯಲ್ಲಿ ಓದಿದ.

"ಪೆಲ್ಕಿ. ಪೆಲ್ಕಿ. ಥ್ರಾಲ್. ಪೆಲ್ಕಿ."

ಗೋಡೆಗೆ ಒತ್ತಿಕೊಂಡು ನಿಂತ ಜನ ಪ್ರತಿ ಪೆಲ್ಕಿಗೂ ಕಾಲು ಕುಟ್ಟುತ್ತಿದ್ದರು. ಬುಟ್ಟಿಗೆ ಚೆಂಡು ಹಾಕುವ ಕಂಬ ಅಲುಗಾಡಿತು. ಲೈಮನ್ ವರ್ನಾಳ ಕೈ ಎಷ್ಟು ಬಿಗಿಯಾಗಿ ಹಿಡಿದಿದ್ದನೆಂದರೆ ಅವಳು ಇನ್ನೊಂದು ಕೈಯಿಂದ ಅವನಿಗೆ ಹೊಡೆಯಬೇಕಾಯಿತು. ಕೊನೆಯ ಚೀಟಿ ಮುಗಿಯಿತು. ಆಲ್ಡನ್ ಕೂಡಿಸಿದ, ಮತ್ತೊಮ್ಮೆ ಕೂಡಿಸಿದ, ಎದ್ದು ನಿಂತು ಟೈ ಸರಿಮಾಡಿಕೊಂಡ.

"ಆರನೇ ಹೆಸರು ನಂದು," ಎಂದ.

ಕೊಠಡಿ ಹಾರಿಹೋಗುವಂಥ ಕೂಗು. ಲೈಮನ್ನನನ್ನು ಹೆಗಲ ಮೇಲೆ ಎತ್ತಿದರು. ಅವನ ತಲೆ ಬುಟ್ಟಿಯ ಬಲೆಯೊಳಗೆ ಸಿಕ್ಕಿಕೊಂಡಿತು. ಅಲ್ಲಿಂದಲೇ ಕೈ ಬೀಸಿದ. ರೋಸಲಿಗೆ ಇನ್ನು ತಿಳಿಯುವ ಮಾತಿಲ್ಲ! ಸುಳ್ಳೊಂದು ಕಣ್ಣೆದುರೇ ನಿಜವಾಗಿತ್ತು. ಆಲ್ಡನ್ ಕೋಟು ಹಾಕಿಕೊಂಡು ಹೊರಗೆ ಹೋದದ್ದನ್ನು ಅವನು ಬಲೆಯ ಕಣ್ಣಿನ ಮೂಲಕ ಕಂಡ. ಎದೆಯಲ್ಲಿ ಏನೋ ಚುಚ್ಚಿದಂತಾಯಿತು. ಬಲೆಯ ಕೊಕ್ಕೆ ಇರಬೇಕು ಅಂದುಕೊಂಡ.

ಕೆಳಗಿಳಿದಾಗ ವಿನಿಫ್ರೆಡ್ ಕೈ ಕುಲುಕಿದಳು. "ಒಳ್ಳೇದಾಗ್ಲಿ ಲೈಮನ್. ಫೆಬ್ರವರಿ ಒಂದನೇ ತಾರೀಕು ಬಾ, ಪ್ರಮಾಣ ಮಾಡಿಸ್ತೀನಿ."

"ಯಾವ ಫೆಬ್ರವರಿ?"

"ಎಲ್ಲಾರಿಗೂ ಬರೋ ಫೆಬ್ರವರಿನೇ."

"ಮುಂದಿನ ವಾರ ಆಗಲ್ವಾ?"

"ಕಾನೂನು ಕಣಪ್ಪ. ಜನವರಿ ಮುಗಿಯೋವರ್ಗೂ ಹಳೇ ಐದು ಜನವೇ." ಅವಳು ಅವನ ಮುಖ ನೋಡಿದಳು. "ಯಾಕೆ, ಏನಾದ್ರೂ ಅರ್ಜೆಂಟಾ?"

"ಇಲ್ಲ ಇಲ್ಲ," ಎಂದ ಲೈಮನ್. "ಸ್ವಂತ ವಿಷಯ."

ಗೆದ್ದವನು ಇಷ್ಟು ಬೇಗ ಮಂಕಾದದ್ದನ್ನು ಹಾರ್ನ್‌ಬೀಮ್ ಕಂಡಿರಲಿಲ್ಲ. ಕಾಣಲು ಯಾರೂ ಗೆದ್ದಿರಲೂ ಇಲ್ಲ. ಜವಾಬ್ದಾರಿಯ ಭಾರ ಎಂದು ಜನ ಗೌರವದಿಂದ ದಾರಿ ಬಿಟ್ಟರು.

ಮದುವೆ ಬರುವ ವಾರದ ಶನಿವಾರ. ಹೊರರಾಜ್ಯದವರು ಮಾತ್ರ ಇಡಬಹುದಾದ ಮುಹೂರ್ತ ಅದು, ಏಕೆಂದರೆ ಜಿಂಕೆ ಬೇಟೆಯ ಮೊದಲ ದಿನವೂ ಅವತ್ತೇ. ಹಳೆಯ ಪಂಚರಲ್ಲಿ ನಾಲ್ವರು ಆಗಲೇ ಬಂದೂಕಿಗೆ ಎಣ್ಣೆ ಹಚ್ಚಿಕೊಂಡು ಬೆಟ್ಟದ ಗುಡಿಸಲುಗಳಿಗೆ ಹೊರಟಾಗಿತ್ತು. ದೂರದ್ದು ಕಣ್ಣಿಗೆ ಮಂಜಾಗಿ ಬೇಟೆ ಬಿಟ್ಟವನು ಒಬ್ಬನೇ ಉಳಿದಿದ್ದ. ವರ್ನಾ ಒಂದು ಪೈ ಮಾಡಿ ಗಂಡನ ಕೈಗಿಟ್ಟು ಬಾಗಿಲು ತೋರಿಸಿದಳು.

ಆಲ್ಡನ್ ಬಾಗಿಲು ತೆರೆದ. ಪೈ ಮೇಲಿನ ಬಟ್ಟೆ ಸರಿಸಿ ನೋಡಿ, "ಕುಂಬಳದ್ದಾ? ನನ್ನ ಕಡೆ ಈ ವರ್ಷ ಬೆಳೇನೇ ಆಗ್ಲಿಲ್ಲ," ಎಂದ. "ಬಾ ಕೂತ್ಕೊ, ಮಹಾನುಭಾವ."

ಲೈಮನ್ ಕೂತು ಎಲ್ಲವನ್ನೂ ಹೇಳಿದ: ಮಾಂಸ, ತಲೆಯಾಡಿಸಿದ್ದು, ರೋಸಲಿ, ಹಾಯಿದೋಣಿ, ಫೆಬ್ರವರಿ. ಆಲ್ಡನ್ ಮಧ್ಯೆ ಒಂದು ಸಲವೂ ನಗಲಿಲ್ಲ. ಅದು ಹೆಚ್ಚಿನ ಶಿಕ್ಷೆಯಾಗಿತ್ತು.

"ಎರಡು ವರ್ಷದಿಂದ ನಾನು ನಿನ್ನ ಹತ್ರ ಏನು ಕೇಳ್ತಿದ್ದೆ?"

"ಬೇಲಿ."

"ನೀನೇನಂದೆ?"

"ಮೇಪಲ್ ಮರದ ಪಾಕ ಕಾಯ್ಸೋದು ಮುಗೀಲಿ ಅಂದೆ."

"ಆಮೇಲೆ?"

"ಹುಲ್ಲು ಕೊಯ್ಲು ಮುಗೀಲಿ ಅಂದೆ."

"ಇರೋ ಅಧಿಕಾರ ಚಲಾಯ್ಸಕ್ಕಾಗ್ದೋನು, ಇಲ್ದೇ ಇರೋ ಅಧಿಕಾರಕ್ಕೆ ಊರನ್ನೇ ಎಬ್ಬಿಸಿಬಿಟ್ಯಲ್ಲೋ!" ಈಗ ಮುದುಕ ಹೊಟ್ಟೆ ಹಿಡಿದುಕೊಂಡು ನಕ್ಕ. ನಕ್ಕು ಮುಗಿದ ಮೇಲೆ ಬೆರಳೆತ್ತಿದ. "ಮದುವೆ ಮಾಡಿಸ್ತೀನಿ. ಆದ್ರೆ ಅವತ್ತು ಬೆಳಿಗ್ಗೆ ಮೊದ್ಲು ನನ್ನ ಬೇಲಿ. ಹೈರಮ್ಮನ್ನೂ ಕರ್ಕೊಂಡು ಬಾ. ಬೇಲಿ ಇಲ್ಲ ಅಂದ್ರೆ ಮದುವೇನೂ ಇಲ್ಲ."

ಶನಿವಾರ ಬೆಳಿಗ್ಗೆ ನೆಲ ಹೆಪ್ಪುಗಟ್ಟಿತ್ತು. ಬೇಟೆಯವರ ಗುಂಡು ತನ್ನ ಕಡೆ ಬಾರದಿರಲೆಂದು ಲೈಮನ್ ಕರಿ ಸೂಟಿನ ಮೇಲೆ ಉರಿ ಕಿತ್ತಳೆ ಬಣ್ಣದ ಅಂಗಿ ತೊಟ್ಟು ಬಂದ. ಆ ದಿನ ಕಿತ್ತಳೆ ತೊಡದೆ ಹೊರಗೆ ಬರುವವನು ಒಂದೋ ಜಿಂಕೆ, ಇಲ್ಲವೇ ಹಾರ್ಟ್‌ಫರ್ಡಿನವನು. ಆಲ್ಡನ್ ಬಂದ, ಮದುವೆಗೆಂದು ಚೌಕಳಿ ಟೈ ಕಟ್ಟಿ. ಹೈರಮ್ ಬೊಡೆಟ್ ಬಂದ, ಬೇಟೆ ತಪ್ಪಿದ ಸಿಟ್ಟಿನಲ್ಲಿ ಕಳಿತ ದ್ರಾಕ್ಷಿಯ ಬಣ್ಣಕ್ಕೆ ತಿರುಗಿ. ಇನ್ನಿಬ್ಬರು ಬೇಲಿ ಪರೀಕ್ಷಕರು ಕಾಡಿನಲ್ಲಿದ್ದುದರಿಂದ ಲೈಮನ್ ಒಬ್ಬನೇ ಮೂವರಾದ. ಉದ್ದಕ್ಕೂ ನಡೆದ, ಕೊಳೆತ ಕಂಬ ಒದ್ದು ನೋಡಿದ, ತಂತಿ ಎಳೆದು ನೋಡಿದ, ಕರುಗಳನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿದ. ಊರು ಹೆಗಲ ಮೇಲೆ ಹೊತ್ತಾಗಲೂ ಬಾರದ ಒಂದು ಗತ್ತು ಅವನ ಬೆನ್ನಿಗೆ ಬಂತು.

ಬೇಲಿಯ ತೀರ್ಮಾನಕ್ಕೆ ಆ ಸೀಮೆಯಲ್ಲಿ ಹಳೆಯ ಪದ್ಧತಿಯೊಂದಿದೆ. ಇಬ್ಬರೂ ಬೇಲಿಯ ನಟ್ಟನಡುವೆ ಎದುರುಬದುರು ನಿಲ್ಲಬೇಕು. ಅವರವರ ಬಲಗಡೆಯ ಅರ್ಧ ಅವರವರದು.

"ಎದುರುಬದುರು ನಿಂತ್ಕೊಳಿ," ಲೈಮನ್ ಗುಡುಗಿದ. "ಇನ್ನೂ ಹತ್ರ. ಬಲಗೈ ಎತ್ತಿ. ಆಲ್ಡನ್, ಬಿಸಿಲಿರ್ಲಿ ಹಿಮ ಇರ್ಲಿ, ಬದುಕಿರೋವರ್ಗೂ ನಿನ್ನ ಪಾಲಿಂದು ನೀನು ನೋಡ್ಕೋತೀಯಾ?"

"ನೋಡ್ಕೋತೀನಿ."

"ಹೈರಮ್, ನೀನು?"

"ಹೂಂ," ಹೈರಮ್ ಗೊಣಗಿದ. "ಇನ್ನೇನ್ ಮಾಡೋದು."

"ಕೈ ಕೊಡಿ ಇಬ್ರೂ. ಆಯ್ತು. ಇವತ್ತಿಗೆ ಹಳೇದೆಲ್ಲ ಮರೀಬೇಕು."

ಬೆನ್ನ ಹಿಂದೆ ಚಪ್ಪಾಳೆ ಕೇಳಿಸಿತು. ಅಜ್ಜಿಯ ಹುಲ್ಲುಗಾವಲಿಗೆ ದಾರಿ ಅಲ್ಲಿಂದಲೇ. ಹಾರ್ಟ್‌ಫರ್ಡಿನ ದಿಬ್ಬಣ ಒಂದು ಗಂಟೆ ಮೊದಲೇ ಬಂದು ನಿಂತಿತ್ತು. ಗಂಡಿನ ಅಮ್ಮ ಕಣ್ಣೊರೆಸಿಕೊಳ್ಳುತ್ತಿದ್ದಳು. "ಈ ವಯಸ್ಸಲ್ಲಿ ಮದುವೆ! ಎಷ್ಟು ಚೆನ್ನಾಗಿದೆ!"

ಹಲ್ಲಿನ ವೈದ್ಯ ಮುಂದೆ ಬಂದು ಹೈರಮ್ಮನ ಕೈ ಕುಲುಕಿದ. "ಒಳ್ಳೇದಾಗ್ಲಿ. ಎಷ್ಟು ವರ್ಷದ ಪರಿಚಯ?"

"ನಲವತ್ತು ವರ್ಷದಿಂದ ಜಗಳ," ಎಂದ ಹೈರಮ್.

"ಹಾಗಾದ್ರೆ ಸರಿಯಾದ ಜೋಡಿನೇ."

ಏನಾಗುತ್ತಿದೆ ಎಂದು ಹೈರಮ್ಮನಿಗೆ ತಿಳಿಯುವ ಮೊದಲೇ ದಿಬ್ಬಣದ ಜೊತೆ ಬಂದಿದ್ದ ವರ್ನಾ ಅವನನ್ನು ಕಾಫಿಯ ಕಡೆಗೆ ಎಳೆದುಕೊಂಡು ಹೋದಳು. ರೋಸಲಿ ಅಣ್ಣನ ಮುಂದೆ ಬಂದು ನಿಂತಳು. "ನಾನು ನಿನ್ನನ್ನ ಕೆಲಸ ಮಾಡೋವಾಗ ನೋಡೇ ಇರ್ಲಿಲ್ಲ ಕಣೋ," ಎಂದಳು. ಲೈಮನ್ ತಲೆಯಾಡಿಸಲು ಹೋಗಿ, ತಡೆದುಕೊಂಡ. ಬಾಯಿ ತೆರೆದ. ನಿಜ ಹೇಳಿಯೇ ಬಿಡುತ್ತಿದ್ದನೇನೋ, ಅಷ್ಟರಲ್ಲಿ ಆಲ್ಡನ್ ನಡುವೆ ಬಂದ.

"ಸ್ವಂತ ಸೋದರ ಸೊಸೆ ಮದುವೇಲಿ ಇವ್ರೇ ಪ್ರಮಾಣ ಹೇಳ್ಸೋ ಹಾಗಿಲ್ಲಮ್ಮಾ," ಎಂದ ಗಂಭೀರವಾಗಿ. "ಅಧ್ಯಕ್ಷತೆ ವಹಿಸ್ತಾರೆ. ಹೇಳ್ಸೋ ಕೆಲಸ ನನ್ನಂಥ ಕೈಕೆಳಗಿನೋರದ್ದು."

ಹಾಗೆಯೇ ಆಯಿತು. ಹುಲ್ಲುಗಾವಲಿನಲ್ಲಿ ಕ್ಲಾರಿಸ್ ಬಿಳಿ ಉಡುಪಿನ ಮೇಲೆ ಕಿತ್ತಳೆ ಅಂಗಿ ತೊಟ್ಟು ನಿಂತಳು. ಗಂಡು ಕಿತ್ತಳೆ ಟೋಪಿ ಹಾಕಿಕೊಂಡ. ಅಧ್ಯಕ್ಷರು ಹುಲ್ಲಿನ ಕಟ್ಟಿನ ಮೇಲೆ ಕೂತರು. ಆಲ್ಡನ್ ಪ್ರಶ್ನೆ ಕೇಳಲು ಬಾಯಿ ತೆರೆದದ್ದೇ ಬೆಟ್ಟದ ಕಡೆಯಿಂದ ಗುಂಡಿನ ಸದ್ದು ಬಂತು. ಗಂಡು ಬೆಚ್ಚಿಬಿದ್ದು, ಕೇಳುವ ಮೊದಲೇ "ಒಪ್ಪಿಗೆ!" ಎಂದು ಕಿರುಚಿದ. ಹಾರ್ನ್‌ಬೀಮಿನಲ್ಲಿ ಅಷ್ಟು ಚುರುಕಾಗಿ ಆದ ಮದುವೆ ಇನ್ನೊಂದಿಲ್ಲ.

ಫೆಬ್ರವರಿ ಒಂದರಂದು ಮೊಣಕಾಲುದ್ದ ಹಿಮ. ಲೈಮನ್ ಊರ ಕಚೇರಿಗೆ ಹೋಗಿ ಕೈಯೆತ್ತಿ ಪ್ರಮಾಣ ಮಾಡಿದ. ಹೊರಗೆ ಬರ್ನೀಸ್ ಟಟಲ್ ತನ್ನ ಕಪ್ಪೆಗಳ ಅಹವಾಲಿನೊಂದಿಗೆ ಆಗಲೇ ಕಾಯುತ್ತಿದ್ದಳು. ಅವಳ ಹಿಂದೆ ಸಾಲು.

"ಪಾಪ, ಆಲ್ಡನ್ನನಿಗೆ ಇನ್ನು ಮದುವೆ ಮಾಡ್ಸೋ ಭಾಗ್ಯ ಇಲ್ಲ," ಎಂದ ಲೈಮನ್. ಆ ಕೊಕ್ಕೆ ಇನ್ನೂ ಚುಚ್ಚುತ್ತಿತ್ತು.

"ಯಾಕಿಲ್ಲ? ಈ ಶನಿವಾರಾನೇ ಒಂದಿದೆ. ರಾಜ್ಯದ ಕಚೇರಿಗೆ ಬರೆದು ಒಂದು ದಿನದ ಅಪ್ಪಣೆ ತರ್ಸ್ಕೊಂಡಿದ್ದಾನೆ," ಎಂದಳು ವಿನಿಫ್ರೆಡ್.

"ಒಂದು ದಿನದ ಅಪ್ಪಣೆ?"

"ಹೂಂ. ಯಾರು ಕೇಳಿದ್ರೂ ಕೊಡ್ತಾರೆ. ಹೋದ್ವರ್ಷ ಒಂದು ಮದುವೇನ ಅಡುಗೆಯವನೇ ಮಾಡಿಸ್ದ."

ಲೈಮನ್ ಕುರ್ಚಿ ಹುಡುಕಿ ಕೂತ. "ಮತ್ತೆ ಜುಲೈನಲ್ಲೇ ಯಾಕೆ ಹೇಳ್ಲಿಲ್ಲ ವಿನಿಫ್ರೆಡ್?"

"ನೀನು ಕೇಳಿದ್ಯಾ? ಸ್ವಂತ ವಿಷಯ ಅಂದೆ. ಈ ಊರಲ್ಲಿ ಸ್ವಂತ ವಿಷಯ ಅಂದ್ರೆ ನಾವು ಕೇಳೋದಿಲ್ಲಪ್ಪ," ಎಂದಳು ಅವಳು. "ಬರೀ ಮಾತಾಡ್ಕೋತೀವಿ."

ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ರೋಸಲಿ.

"ಲೈಮನ್! ಇಲ್ಲಿ ಪೊಲೀಸ್ನೋರು ನನ್ನ ಕಾರು ಎಳ್ಕೊಂಡು ಹೋಗಿದ್ದಾರೆ ಕಣೋ. ತಪ್ಪಾದ ಜಾಗದಲ್ಲಿ ನಿಲ್ಸಿದ್ದೆ ಅಂತೆ. ನಮ್ಮಣ್ಣ ನ್ಯಾಯಾಧೀಶ ಅಂತ ಹೇಳ್ದೆ. ಇದೋ ಪಕ್ಕದಲ್ಲೇ ನಿಂತಿದ್ದಾರೆ, ಒಂದು ಮಾತು ಹೇಳು!"

ಲೈಮನ್ ಫೋನನ್ನು ನೋಡಿದ, ವಿನಿಫ್ರೆಡಳನ್ನು ನೋಡಿದ, ಹೊರಗಿನ ಸಾಲನ್ನು ನೋಡಿದ. ಗಂಟಲು ಸರಿಮಾಡಿಕೊಂಡು, ಬೆನ್ನು ನೆಟ್ಟಗೆ ಮಾಡಿ, ಪೂರ್ಣ ಅಧಿಕಾರದಿಂದ ಕೇಳಿದ:

"ಅಲ್ಲಿ ಹತ್ರದಲ್ಲಿ ಬೇಲಿ ಏನಾದ್ರೂ ಇದೆಯೇನೇ?"